‘ದಾಖಲೆ ಇಲ್ಲ’ ಎಂದರೆ ತಲೆಯಾಡಿಸುವವರು

ಸೇವಾ ದಾಖಲೆಗಳನ್ನು ಇಟ್ಟುಕೊಳ್ಳಬೇಕಾದ ಅವಧಿ ಮುಗಿದಿದೆ, ನಿಯಮದಂತೆ ಅವನ್ನು ನಾಶಪಡಿಸಲಾಗಿದೆ, ಆದ್ದರಿಂದ ಪದಕದ ಕೋರಿಕೆಯನ್ನು ಪರಿಗಣಿಸಲಾಗದು. 1965ರಲ್ಲೋ 1971ರಲ್ಲೋ ಗಡಿಯಲ್ಲಿದ್ದು, ಪಿಂಚಣಿಗೆ ಬೇಕಾದ 15 ವರ್ಷ ತುಂಬುವ ಮೊದಲೇ ಸೇನೆಯಿಂದ ಬಿಡುಗಡೆಯಾಗಿ ಬಂದ ಹಿರಿಯರು ತಮಗೆ ಸಲ್ಲಬೇಕಾದದ್ದನ್ನು ಕೇಳಿದಾಗ ಬರುವ ಉತ್ತರದ ಸಾರ ಇಷ್ಟೇ. ಕಾಗದ ಬರೆದವರಿಗೆ ತಪ್ಪೊಂದು ನಡೆದಿದೆ ಎನಿಸುವುದಿಲ್ಲ, ಅವರು ನಿಯಮ ಪಾಲಿಸಿದ್ದಾರೆ. ಅದನ್ನು ಓದಿ ಹೇಳುವ ಮಗನಿಗೆ ಸಿಟ್ಟು ಬರುವುದಿಲ್ಲ, ಈ ವಯಸ್ಸಿನಲ್ಲಿ ಅಪ್ಪಯ್ಯನಿಗೆ ಪದಕ ಯಾಕೆ ಎಂಬ ಪ್ರಶ್ನೆ ಅವನಲ್ಲೂ ಇದೆ. ಊರಿನವರಿಗೆ ಸುದ್ದಿಯೇ ಇಲ್ಲ. ‘ಬಿಡಿ ಮಾರಾಯ್ರೆ, ಈಗ ಅದನ್ನ್ ಕಟ್ಕಂಡ್ ಎಂತ ಮಾಡುಕಿತ್ತ್?’ ಎಂದು ಯಾರೋ ಹೇಳುತ್ತಾರೆ, ಮಾತು ಅಲ್ಲಿಗೆ ಮುಗಿಯುತ್ತದೆ.

ಮುಗಿಯಬಾರದು. ಕುಂದಾಪುರ, ಬೈಂದೂರು, ಬ್ರಹ್ಮಾವರದ ಜನ ಈ ಉತ್ತರವನ್ನು ಇಷ್ಟು ಸಲೀಸಾಗಿ ಒಪ್ಪಿಕೊಳ್ಳುವುದನ್ನು ಕಂಡರೆ ನನಗೆ ಕಚೇರಿಗಳ ಮೇಲಿರುವಷ್ಟೇ ಸಿಟ್ಟು ನಮ್ಮ ಮೇಲೂ ಬರುತ್ತದೆ.

ಮೊದಲು ನಿಯಮ ಏನೆಂದು ನೋಡೋಣ. ಭೂಸೇನೆಯ ನಿಯಮಾವಳಿಯ 595ನೇ ಕಂಡಿಕೆಯ ಪ್ರಕಾರ ಪಿಂಚಣಿದಾರರ ಸೇವಾ ಕಾಗದಗಳನ್ನು 50 ವರ್ಷ, ಪಿಂಚಣಿ ಇಲ್ಲದವರದನ್ನು 25 ವರ್ಷ ಇಟ್ಟುಕೊಂಡರೆ ಸಾಕು. 1972ರಲ್ಲಿ ಬಿಡುಗಡೆಯಾದ ಸಿಪಾಯಿಯ ಕಾಗದಪತ್ರಗಳನ್ನು 1997ರ ಹೊತ್ತಿಗೆ ನಾಶಪಡಿಸಬಹುದಿತ್ತು. ಆಗ ಅವನಿಗೆ ಐವತ್ತು ದಾಟಿರುವುದಿಲ್ಲ. ಮುಂಬಯಿಯ ಹೋಟೆಲಿನಲ್ಲೋ, ಗಂಗೊಳ್ಳಿಯ ದೋಣಿಯಲ್ಲೋ, ಮನೆಯ ಗದ್ದೆಯಲ್ಲೋ ದುಡಿಯುತ್ತಿರುತ್ತಾನೆ. ನಿನ್ನ ಕಾಗದ ನಾಶ ಮಾಡುತ್ತಿದ್ದೇವೆ, ಬೇಕಿದ್ದರೆ ಬಂದು ತೆಗೆದುಕೊಂಡು ಹೋಗು ಎಂದು ಅವನಿಗೊಂದು ಅಂಚೆ ಕಾರ್ಡು ಹಾಕಬೇಕೆಂದು ಆ ನಿಯಮ ಹೇಳುವುದಿಲ್ಲ. ಅವನಿಗೆ ತಿಳಿಯುವುದು ಎಪ್ಪತ್ತೈದರ ವಯಸ್ಸಿನಲ್ಲಿ, ಅರ್ಜಿ ಹಾಕಿದ ಮೇಲೆ.

ಆದರೆ ಅದೇ ವ್ಯವಸ್ಥೆಯಲ್ಲಿ ನಾಶಪಡಿಸಬಾರದ ದಾಖಲೆಯೂ ಒಂದಿದೆ. ಸೈನಿಕರು ‘ಲಾಂಗ್ ರೋಲ್’ ಎನ್ನುವ ದೊಡ್ಡ ಪುಸ್ತಕ ಅದು. ಸೇನಾ ಸಂಖ್ಯೆ, ಹೆಸರು, ಸೇರಿದ ದಿನ, ಬಿಟ್ಟ ದಿನದಂಥ ಮುಖ್ಯ ವಿವರಗಳಿರುವ ಅದನ್ನು ಶಾಶ್ವತವಾಗಿ ಇಡಬೇಕು. ಹಾಗಾದರೆ ‘ದಾಖಲೆ ನಾಶವಾಗಿದೆ’ ಎಂಬುದು ಅರ್ಧ ಉತ್ತರ. ಲಾಂಗ್ ರೋಲ್‌ನಲ್ಲಿ ಏನಿದೆ, ಆ ದಿನಗಳಲ್ಲಿ ಆತನ ಘಟಕ ಎಲ್ಲಿತ್ತು, ಘಟಕದ ಯುದ್ಧ ದಿನಚರಿ ಏನು ಹೇಳುತ್ತದೆ ಎಂಬ ಇನ್ನರ್ಧವನ್ನು ಕೇಳುವವರೇ ಇಲ್ಲ. ಕೇಳುವವರಿಲ್ಲದ ಕಡೆ ಅರ್ಧ ಉತ್ತರವೇ ಪೂರ್ಣ ಉತ್ತರವಾಗಿಬಿಡುತ್ತದೆ.

ಕೇಳುತ್ತಿರುವುದು ಏನನ್ನು ಎಂಬುದೂ ತಿಳಿದಿರಲಿ. 1971ರಲ್ಲಿ ಪೂರ್ವ ರಂಗದಲ್ಲಿದ್ದವರಿಗೆ ಪೂರ್ವಿ ಸ್ಟಾರ್, ಪಶ್ಚಿಮದಲ್ಲಿದ್ದವರಿಗೆ ಪಶ್ಚಿಮಿ ಸ್ಟಾರ್, ಜೊತೆಗೆ ಸಂಗ್ರಾಮ್ ಮೆಡಲ್. 1965ರವರಿಗೆ ಸಮರ ಸೇವಾ ಸ್ಟಾರ್, ರಕ್ಷಾ ಮೆಡಲ್. ಇವು ಶೌರ್ಯ ಪ್ರಶಸ್ತಿಗಳಲ್ಲ. ಈ ಮನುಷ್ಯ ಯುದ್ಧದ ದಿನಗಳಲ್ಲಿ ಕರ್ತವ್ಯದಲ್ಲಿದ್ದ ಎಂದು ಸರ್ಕಾರ ತಾನೇ ಒಪ್ಪಿಕೊಂಡು ಕೊಡುವ ಗುರುತು. 1965ರ ಯುದ್ಧದ ಪದಕಗಳನ್ನು ಸ್ಥಾಪಿಸಿದ್ದೇ 1967ರ ಜನವರಿಯಲ್ಲಿ. ಕದನ ಮುಗಿದು, ಪದಕ ಘೋಷಣೆಯಾಗಿ, ಟಂಕಸಾಲೆಯಲ್ಲಿ ತಯಾರಾಗಿ, ಹೆಸರು ಕೆತ್ತಿಸಿಕೊಂಡು ಬರುವಷ್ಟರಲ್ಲಿ ಎಷ್ಟೋ ಜನ ಊರಿಗೆ ಮರಳಿದ್ದರು. ಕೊಡುವುದರಲ್ಲಿ ತಡ ಮಾಡಿದವರೇ ಈಗ ಕೇಳುವುದರಲ್ಲಿ ತಡವಾಯಿತು ಎನ್ನುವುದು ಯಾವ ನ್ಯಾಯ?

ದಾಖಲೆ ಕಳೆದುಹೋಗುವುದು ಜಗತ್ತಿನಲ್ಲಿ ನಮಗೊಬ್ಬರಿಗೇ ಬಂದ ಕಷ್ಟವಲ್ಲ. 1973ರ ಜುಲೈ 12ರಂದು ಅಮೆರಿಕದ ಸೇಂಟ್ ಲೂಯಿಸ್ ಬಳಿಯ ಸೈನಿಕ ದಾಖಲೆಗಳ ಕೇಂದ್ರಕ್ಕೆ ಬೆಂಕಿ ಬಿದ್ದು 160ರಿಂದ 180 ಲಕ್ಷ ಕಡತಗಳು ಹೋದವು. ನಕಲು ಪ್ರತಿ ಇರಲಿಲ್ಲ, ಮೈಕ್ರೋಫಿಲ್ಮ್ ಇರಲಿಲ್ಲ, ಯಾವ ಕಡತ ಎಲ್ಲಿತ್ತು ಎಂಬ ಸೂಚಿಯೂ ಇರಲಿಲ್ಲ. 1912ರಿಂದ 1960ರ ಆರಂಭದವರೆಗೆ ಭೂಸೇನೆ ಬಿಟ್ಟವರ ಕಡತಗಳಲ್ಲಿ ಶೇ. 80ರಷ್ಟು ನಷ್ಟ. ಅವರು ಏನು ಮಾಡಿದರು? ನೀರಿನಲ್ಲಿ ನೆನೆದ ಕಾಗದಗಳನ್ನು ನಿರ್ವಾತ ಕೋಣೆಯಲ್ಲಿ ಒಣಗಿಸಿದರು. ಸಂಬಳದ ಚೀಟಿ, ಆಸ್ಪತ್ರೆಯ ದಾಖಲಾತಿ, ಬೇರೆ ಇಲಾಖೆಗಳಲ್ಲಿದ್ದ ಪ್ರತಿಗಳನ್ನು ಕೂಡಿಸಿ ಒಬ್ಬೊಬ್ಬರ ಸೇವೆಯನ್ನೂ ಮತ್ತೆ ಕಟ್ಟಿಕೊಡುವ ಕೆಲಸಕ್ಕೆ ಸಿಬ್ಬಂದಿಯನ್ನು ಕೂರಿಸಿದರು. ದಾಖಲೆ ಸರ್ಕಾರದ ಕೈಯಲ್ಲಿ ಹಾಳಾಗಿದ್ದರೆ ಮಾಜಿ ಸೈನಿಕನಿಗೆ ನೆರವಾಗುವ ಸರ್ಕಾರದ ಹೊಣೆ ಇನ್ನೂ ಹೆಚ್ಚುತ್ತದೆ ಎಂದು 1991ರಲ್ಲಿ ಅಲ್ಲಿನ ನ್ಯಾಯಾಲಯ ಹೇಳಿತು. ಬ್ರಿಟನ್ನಿನಲ್ಲೂ ಅಷ್ಟೇ. 1940ರ ಸೆಪ್ಟೆಂಬರ್‌ನಲ್ಲಿ ಜರ್ಮನ್ ಬಾಂಬಿಗೆ ಸಿಕ್ಕಿ ಮೊದಲ ಮಹಾಯುದ್ಧದ ಸೈನಿಕರ ಅರ್ಧಕ್ಕೂ ಹೆಚ್ಚು ಕಡತಗಳು ಬೂದಿಯಾದವು. ಅಂಚು ಸುಟ್ಟ ಹಾಳೆಗಳನ್ನೂ ಅವರು ಎಸೆಯಲಿಲ್ಲ, ಒಂದೊಂದಾಗಿ ಮೈಕ್ರೋಫಿಲ್ಮ್ ಮಾಡಿದರು.

ನಮ್ಮಲ್ಲಿ ಬೆಂಕಿ ಬಿದ್ದಿಲ್ಲ, ಬಾಂಬೂ ಬಿದ್ದಿಲ್ಲ. ನಾವು ವೇಳಾಪಟ್ಟಿ ಹಾಕಿಕೊಂಡು ನಾಶ ಮಾಡಿದ್ದೇವೆ. ಬೆಂಕಿಯಲ್ಲಿ ಕಳೆದುಕೊಂಡವರು ಹುಡುಕುತ್ತಾರೆ, ಕೈಯಾರೆ ಹರಿದವರು ಪುರಾವೆ ತನ್ನಿ ಎನ್ನುತ್ತಾರೆ.

ನಮ್ಮ ರಾಜ್ಯದವರೇ ಆದ ಸ್ಕ್ವಾಡ್ರನ್ ಲೀಡರ್ ಅಜ್ಜಮಾಡ ಬೋಪಯ್ಯ ದೇವಯ್ಯನವರ ಕಥೆಯನ್ನು ಇಲ್ಲಿ ಹೇಳಲೇಬೇಕು. ಕೊಡಗಿನ ಈ ವಾಯುಪಡೆಯ ಅಧಿಕಾರಿ 1965ರ ಸೆಪ್ಟೆಂಬರ್ 7ರ ಬೆಳಗಿನ ಜಾವ ಆದಂಪುರದಿಂದ ಪಾಕಿಸ್ತಾನದ ಸರ್ಗೋಧಾ ವಾಯುನೆಲೆಯ ಮೇಲಿನ ದಾಳಿಗೆ ಹೊರಟ ಮಿಸ್ಟೀರ್ ವಿಮಾನಗಳ ತಂಡದಲ್ಲಿದ್ದರು. ಅವರನ್ನು ಇಟ್ಟಿದ್ದದ್ದು ಹೆಚ್ಚುವರಿ ವಿಮಾನದಲ್ಲಿ. ಮುಖ್ಯ ತಂಡದ ಯಾವುದಾದರೂ ವಿಮಾನ ಹಿಂದುಳಿದರೆ ಮಾತ್ರ ಹೋಗಬೇಕು. ಅವರು ಹೋದರು, ಮರಳಲಿಲ್ಲ. ‘ನಾಪತ್ತೆ’ ಎಂದು ಬರೆದುಕೊಂಡದ್ದಾಯಿತು. ದಾರಿಯಲ್ಲಿ ಏನಾಯಿತು ಎಂಬುದು ಸ್ವಂತ ಸ್ಕ್ವಾಡ್ರನ್‌ಗೂ ಗೊತ್ತಿರಲಿಲ್ಲ.

ಗೊತ್ತಾದದ್ದು ಎದುರು ಪಾಳಯದಿಂದ. ಪಾಕಿಸ್ತಾನಿ ವಾಯುಪಡೆಯ ನೆರವಿನೊಂದಿಗೆ ಬ್ರಿಟಿಷ್ ಲೇಖಕ ಜಾನ್ ಫ್ರಿಕರ್ ಆ ಯುದ್ಧದ ಬಗ್ಗೆ ಬರೆದ ಪುಸ್ತಕ 1979ರಲ್ಲಿ ಹೊರಬಂತು. ಶಬ್ದಕ್ಕಿಂತ ಎರಡು ಪಟ್ಟು ವೇಗದ ಸ್ಟಾರ್‌ಫೈಟರ್ ವಿಮಾನವನ್ನು ಅದಕ್ಕಿಂತ ಎಷ್ಟೋ ನಿಧಾನದ ಮಿಸ್ಟೀರ್ ಒಂದು ಹೊಡೆದುರುಳಿಸಿತ್ತು, ಪಾಕಿಸ್ತಾನಿ ಪೈಲಟ್ ಅಮ್ಜದ್ ಹುಸೇನ್ ಧುಮುಕಿ ಬದುಕಿದ್ದರು ಎಂಬುದು ಅದರಿಂದ ತಿಳಿಯಿತು. ಆ ಮಿಸ್ಟೀರ್ ಯಾರದ್ದಿರಬೇಕು ಎಂದು ಲೆಕ್ಕ ಹಾಕಿ, ದೇವಯ್ಯನವರದ್ದೇ ಎಂದು ಪಟ್ಟು ಹಿಡಿದವರು ಅಂದಿನ ದಾಳಿಯ ನಾಯಕ ಒ.ಪಿ. ತನೇಜಾ. 1988ರಲ್ಲಿ, ದೇವಯ್ಯನವರು ಹೋಗಿ 23 ವರ್ಷಗಳ ಮೇಲೆ, ಮರಣೋತ್ತರ ಮಹಾವೀರ ಚಕ್ರ ಬಂತು. 2025ರಲ್ಲಿ ಇದೇ ಕಥೆಯ ಆಧಾರದಲ್ಲಿ ಹಿಂದಿ ಸಿನಿಮಾ ಬಂದಾಗ ನಮ್ಮವರು ಹೆಮ್ಮೆಪಟ್ಟರು. ಆದರೆ ಆ 23 ವರ್ಷಗಳಲ್ಲಿ ಕರ್ನಾಟಕದಿಂದ ಎಷ್ಟು ಮಂದಿ ಕೇಳಿದ್ದರು? ಶತ್ರುವಿನ ಕಡೆಯ ಪುಸ್ತಕವೊಂದು ಬಾರದೆ ಹೋಗಿದ್ದರೆ, ಹಳೆಯ ಕಮಾಂಡರ್ ಒಬ್ಬರು ಸುಮ್ಮನಿದ್ದುಬಿಟ್ಟಿದ್ದರೆ, ‘ನಾಪತ್ತೆ’ ಎಂಬ ಷರಾ ಇವತ್ತಿಗೂ ಹಾಗೇ ಇರುತ್ತಿತ್ತು. ಆ ಯುದ್ಧದ ಅತ್ಯಂತ ಹೆಸರಾದ ದಾಳಿಗಳಲ್ಲೊಂದಕ್ಕೆ ಹೋದ ಅಧಿಕಾರಿಯ ಗತಿ ಇದು. ಮರವಂತೆಯಿಂದಲೋ ಶಂಕರನಾರಾಯಣದಿಂದಲೋ ಹೋಗಿ ಟ್ರಕ್ ಓಡಿಸಿದ, ತಂತಿ ಎಳೆದ, ಮದ್ದುಗುಂಡು ಹೊತ್ತ ಸಿಪಾಯಿಗೆ ಯಾವ ಫ್ರಿಕರ್ ಬರೆಯುತ್ತಾನೆ, ಯಾವ ತನೇಜಾ ಪಟ್ಟು ಹಿಡಿಯುತ್ತಾರೆ?

ಮೇಲಿನ ಹಂತದ ಸ್ಥಿತಿ ಇದಕ್ಕಿಂತ ಕೆಟ್ಟದ್ದು. 1971ರ ಯುದ್ಧಕ್ಕೆ ಸಂಬಂಧಿಸಿ ಕೊಲ್ಕತ್ತಾದ ಪೂರ್ವ ಕಮಾಂಡ್‌ನಲ್ಲಿದ್ದ ದಾಖಲೆಗಳು ಯುದ್ಧದ ಬೆನ್ನಲ್ಲೇ ನಾಶವಾಗಿದ್ದವೆಂದು 2010ರ ಮೇ ತಿಂಗಳಲ್ಲಿ ವರದಿಯಾಯಿತು. 1974ರಲ್ಲಿ ತಾವು ಆ ಕಮಾಂಡ್ ವಹಿಸಿಕೊಂಡು ದಾಖಲೆ ಕೇಳಿದಾಗಲೇ ಅವು ಇರಲಿಲ್ಲವೆಂದು ಲೆಫ್ಟಿನೆಂಟ್ ಜನರಲ್ ಜೆ.ಎಫ್.ಆರ್. ಜೇಕಬ್ ಹೇಳಿದರು. 1962, 1965, 1971ರ ಯುದ್ಧಗಳ ದಾಖಲೆ ತಮ್ಮ ಬಳಿ ಇಲ್ಲವೆಂದು 2022ರ ಡಿಸೆಂಬರ್‌ನಲ್ಲಿ ರಾಷ್ಟ್ರೀಯ ಪತ್ರಾಗಾರದ ಮಹಾನಿರ್ದೇಶಕರೇ ಬಹಿರಂಗವಾಗಿ ಹೇಳಿದರು. ಎಷ್ಟೋ ಸಚಿವಾಲಯಗಳು ಕಡತಗಳನ್ನು ಕೊಟ್ಟೇ ಇಲ್ಲವೆಂದು ಕಾರಣವನ್ನೂ ಹೇಳಿದರು. ಸಾರ್ವಜನಿಕ ದಾಖಲೆಗಳ ಕಾಯ್ದೆ 1993ರಿಂದ ಇದೆ. ಕಾನೂನು ಮೀರಿ ದಾಖಲೆ ನಾಶ ಮಾಡಿದವರಿಗೆ ಐದು ವರ್ಷದವರೆಗೆ ಸೆರೆ ಎಂದು ಅದರಲ್ಲಿ ಬರೆದಿದೆ. ಮಹಾನಿರ್ದೇಶಕರ ಮಾತು ಒಂದು ದಿನದ ಸುದ್ದಿಯಾಗಿ ಹೋಯಿತು. ನಮ್ಮ ಜಿಲ್ಲೆಯ ಯಾವ ವೇದಿಕೆಯಲ್ಲಿ ಅದು ಚರ್ಚೆಗೆ ಬಂತು?

ಬರೆದಿಡುವುದು ಈ ನಾಡಿಗೆ ಹೊಸದಾಗಿ ಕಲಿಸಬೇಕಾದ ವಿದ್ಯೆಯಲ್ಲ. ಕನ್ನಡದ ಅತ್ಯಂತ ಹಳೆಯ ಶಾಸನಗಳಲ್ಲೊಂದಾದ ಹಲ್ಮಿಡಿಯ ಕಲ್ಲಿನಲ್ಲಿ ಇರುವುದೇ ಯುದ್ಧದಲ್ಲಿ ಹೋರಾಡಿದ ವಿಜ ಅರಸನಿಗೆ ಊರು ದತ್ತಿ ಬಿಟ್ಟ ವಿಷಯ. ಹತ್ತನೆಯ ಶತಮಾನದ ಆತಕೂರು ಶಾಸನದಲ್ಲಿ ವೀರ ಮಣಲೆರನ ಜೊತೆ, ಹಂದಿಯೊಡನೆ ಕಾದಾಡಿ ಸತ್ತ ಕಾಳಿ ಎಂಬ ನಾಯಿಯೂ ಕಲ್ಲಿನ ಮೇಲೆ ಉಳಿದಿದೆ. ಬಾರಕೂರು, ಬಸರೂರುಗಳ ಶಾಸನಗಳ ನಡುವೆಯೇ ನಾವು ಓಡಾಡುತ್ತೇವೆ. ಸಾವಿರ ವರ್ಷದ ಹಿಂದೆ ಒಂದು ನಾಯಿಯ ಹೋರಾಟವನ್ನು ಬರೆಸಿಟ್ಟ ನಾಡಿನಲ್ಲಿ, ಐವತ್ತು ವರ್ಷದ ಹಿಂದೆ ಯುದ್ಧಕ್ಕೆ ಹೋದ ಮನುಷ್ಯನ ಬಗ್ಗೆ ಏನೂ ಸಿಗುತ್ತಿಲ್ಲ ಎಂದರೆ ಅದಕ್ಕೆ ಬಡತನ ಕಾರಣವಲ್ಲ, ತಂತ್ರಜ್ಞಾನದ ಕೊರತೆಯೂ ಕಾರಣವಲ್ಲ. ಬೇಡವೆನಿಸಿದೆ, ಅದಕ್ಕೇ ಉಳಿದಿಲ್ಲ.

ನಮ್ಮ ಕಡೆಯವರಿಗೆ ಇನ್ನೊಂದು ತೊಡಕಿದೆ. 1945ರಲ್ಲಿ ಬೈಂದೂರಿನಲ್ಲಿ ಹುಟ್ಟಿದವರ ವಿಳಾಸ ಆಗ ಮದ್ರಾಸ್ ಪ್ರಾಂತ್ಯದ ದಕ್ಷಿಣ ಕನ್ನಡ ಜಿಲ್ಲೆ, ಕುಂದಾಪುರ ತಾಲೂಕು. 1956ರ ನವೆಂಬರ್ 1ಕ್ಕೆ ಅದು ಮೈಸೂರು ರಾಜ್ಯವಾಯಿತು, 1973ಕ್ಕೆ ಕರ್ನಾಟಕ, 1997ಕ್ಕೆ ಉಡುಪಿ ಜಿಲ್ಲೆ, 2018ಕ್ಕೆ ಬೈಂದೂರು ತಾಲೂಕು. ಮನೆ ಮಾತ್ರ ಇದ್ದಲ್ಲೇ ಇದೆ. ಇಂಗ್ಲಿಷಿನಲ್ಲಿ ಕುಂದಾಪುರವನ್ನು ಅಂದು ಬರೆಯುತ್ತಿದ್ದ ಕಾಗುಣಿತ ಬೇರೆ, ಇಂದಿನದು ಬೇರೆ. ಭರ್ತಿಯ ದಿನ ಗುಮಾಸ್ತ ಕೇಳಿಸಿಕೊಂಡಂತೆ ಬರೆದ ಹೆಸರು ಒಂದು; ಆಧಾರ್ ಕಾರ್ಡಿನಲ್ಲಿ ಖಾರ್ವಿಯೋ ದೇವಾಡಿಗರೋ ಪೂಜಾರಿಯೋ ಸೇರಿಕೊಂಡು ಬಂದ ಹೆಸರು ಇನ್ನೊಂದು. ವಾಯುಪಡೆಯ ದಾಖಲೆ ದಿಲ್ಲಿಯಲ್ಲಿ, ನೌಕಾಪಡೆಯ ನಾವಿಕರದು ಮುಂಬಯಿಯಲ್ಲಿ, ಮದ್ರಾಸ್ ರೆಜಿಮೆಂಟಿನದು ವೆಲ್ಲಿಂಗ್ಟನ್‌ನಲ್ಲಿ, ಮರಾಠಾ ಲೈಟ್ ಇನ್‌ಫೆಂಟ್ರಿಯದು ಬೆಳಗಾವಿಯಲ್ಲಿ, ತೋಪುಪಡೆಯದು ನಾಸಿಕದಲ್ಲಿ, ಸಿಗ್ನಲ್ಸ್‌ನದು ಜಬಲ್ಪುರದಲ್ಲಿ. ಅಜ್ಜಯ್ಯ ಇದರಲ್ಲಿ ಯಾವ ಬಾಗಿಲು ತಟ್ಟಬೇಕೆಂದು ಹೇಳಿಕೊಡುವಷ್ಟು ವಿದ್ಯೆ ಮನೆಮನೆಯಲ್ಲೂ ಇದೆ. ಬೆಂಗಳೂರಿನಲ್ಲಿ ಕಂಪ್ಯೂಟರ್ ಮುಂದೆ ಕೂರುವ ಮೊಮ್ಮಕ್ಕಳಿಗೆ ಇದು ಎಷ್ಟರ ಕೆಲಸ? ಆದರೂ ಆಗುವುದಿಲ್ಲ.

ಕಾಗದದ ಬೆಲೆ ನಮಗೆ ಗೊತ್ತಿಲ್ಲವೇ? ಚೆನ್ನಾಗಿ ಗೊತ್ತು. 1974ರ ಭೂಸುಧಾರಣೆಯ ಕಾಲದ ಡಿಕ್ಲರೇಶನ್, ಭೂನ್ಯಾಯ ಮಂಡಳಿಯ ಆದೇಶ, ಅದಕ್ಕೂ ಹಿಂದಿನ ಗೇಣಿ ಚೀಟು, ತೀರ್ವೆಯ ರಶೀದಿ ಎಲ್ಲವನ್ನೂ ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ಗೋದ್ರೆಜ್ ಕಪಾಟಿನಲ್ಲಿ ಬೀಗ ಹಾಕಿ ಇಟ್ಟಿದ್ದೇವೆ. ಐವತ್ತು ಮಳೆಗಾಲ ಕಳೆದರೂ ಅವುಗಳಿಗೆ ಒರಲೆ ಮುಟ್ಟಿಲ್ಲ. ಅದೇ ಮನೆಯಲ್ಲಿ ಅಜ್ಜಯ್ಯನ ಡಿಸ್ಚಾರ್ಜ್ ಬುಕ್ ಅಟ್ಟದ ತಗಡಿನ ಪೆಟ್ಟಿಗೆಯಲ್ಲಿತ್ತು. ಹಳೇ ಮನೆ ಕೆಡವಿ ಆರ್‌ಸಿಸಿ ಮನೆ ಕಟ್ಟುವಾಗ ಪೆಟ್ಟಿಗೆ ಗುಜರಿಗೆ ಹೋಯಿತು, ಒಳಗಿದ್ದದ್ದು ಬಚ್ಚಲ ಒಲೆಗೆ ಹೋಯಿತು. ಆತ ಪಡೆದ, ಪಡೆಯಬೇಕಿದ್ದ ಪದಕಗಳ ವಿವರ ಬರೆದಿರುವ ಪುಸ್ತಕ ಅದು. ‘ಸಿ/ಒ 99 ಎಪಿಒ’ ಎಂಬ ವಿಳಾಸದಿಂದ ಹೆಂಡತಿಗೆ ಬಂದ ಇನ್‌ಲ್ಯಾಂಡ್ ಪತ್ರಗಳೂ ಅದರ ಜೊತೆಯಲ್ಲೇ ಹೋದವು. 99 ಪೂರ್ವ ಭಾಗದ ಸೇನಾ ಅಂಚೆಯ ಸಂಖ್ಯೆ, 56 ಪಶ್ಚಿಮದ್ದು. ಆ ದಿನಗಳಲ್ಲಿ ಆತ ಯಾವ ಕಡೆ ಇದ್ದನೆಂದು ಹೇಳಬಲ್ಲ ಪುರಾವೆ ತಾರೀಖಿನ ಮುದ್ರೆಯ ಸಮೇತ ಮನೆಯಲ್ಲೇ ಇತ್ತು. ಸರ್ಕಾರ 25 ವರ್ಷವಾದರೂ ಇಟ್ಟುಕೊಂಡಿತು. ಎಷ್ಟೋ ಮನೆಗಳಲ್ಲಿ ಅಷ್ಟೂ ಇಟ್ಟುಕೊಳ್ಳಲಿಲ್ಲ. ಜಾಗ ಬಂದ ಕಾಗದಕ್ಕೆ ಬೀಗ, ಸೇವೆಯ ಕಾಗದಕ್ಕೆ ಬೆಂಕಿ: ನಾವು ಯಾವುದನ್ನು ಆಸ್ತಿ ಎಂದುಕೊಂಡಿದ್ದೇವೆ ಎಂಬುದಕ್ಕೆ ಬೇರೆ ಸಾಕ್ಷಿ ಬೇಡ.

ಅದೇ ಭೂಸುಧಾರಣೆ ಇನ್ನೊಂದು ವಿಷಯವನ್ನೂ ಹೇಳುತ್ತದೆ. ನಮ್ಮ ತಾಲೂಕುಗಳಲ್ಲಿ ಬಾಯಿಮಾತಿನ ಗೇಣಿಯ ಮೇಲೆ ಸಾಗುವಳಿ ಮಾಡಿದವರ ಹತ್ತಿರ ಚೀಟೇ ಇರಲಿಲ್ಲ. ಕಾಗದವಿಲ್ಲ, ಆದ್ದರಿಂದ ನೀನು ಒಕ್ಕಲೇ ಅಲ್ಲ ಎಂದು ಹೇಳಿ ಕಳಿಸಿದ್ದರೆ ಕರಾವಳಿಯ ಅರ್ಧ ಭೂಸುಧಾರಣೆ ಆಗುತ್ತಿರಲಿಲ್ಲ. ನೆರೆಕರೆಯವರ ಸಾಕ್ಷ್ಯ ಕೇಳಿದರು, ಸ್ಥಳಕ್ಕೆ ಹೋಗಿ ನೋಡಿದರು, ಯಾರು ಉತ್ತು ಬಿತ್ತಿದ್ದಾರೆಂದು ತೀರ್ಮಾನಿಸಿದರು. ಕಾಗದವಿಲ್ಲದೆ ಸತ್ಯ ಕಂಡುಕೊಳ್ಳುವುದು ಸರ್ಕಾರಕ್ಕೆ ಬರುತ್ತದೆ, ಮನಸ್ಸಿದ್ದರೆ.

ಸ್ವಾತಂತ್ರ್ಯ ಹೋರಾಟಗಾರರ ಪಿಂಚಣಿಯಲ್ಲೂ ಹೀಗೆಯೇ ಆಯಿತು. ಮದ್ರಾಸ್ ಪ್ರಾಂತ್ಯದಲ್ಲಿದ್ದ ನಮ್ಮ ಜಿಲ್ಲೆಯ ಸತ್ಯಾಗ್ರಹಿಗಳನ್ನು ಕಣ್ಣೂರು, ವೆಲ್ಲೂರು, ತಿರುಚ್ಚಿನಾಪಳ್ಳಿಯ ಸೆರೆಮನೆಗಳಲ್ಲಿ ಇಟ್ಟಿದ್ದರು. ರಾಜ್ಯಗಳು ಬೇರೆಯಾದಾಗ ಆ ಸೆರೆಮನೆಗಳು ಬೇರೆ ರಾಜ್ಯಗಳಿಗೆ ಹೋದವು. 1972ರಲ್ಲಿ ಕೇಂದ್ರದ ಪಿಂಚಣಿ ಬಂದಾಗ ಆರು ತಿಂಗಳು ಜೈಲಿನಲ್ಲಿದ್ದ ಪುರಾವೆ ಕೇಳಿದರು. ದಾಖಲೆ ಸಿಗದವರಿಗಾಗಿ, ದಾಖಲೆ ಲಭ್ಯವಿಲ್ಲವೆಂದು ಸರ್ಕಾರವೇ ಕೊಡುವ ಪತ್ರ ಮತ್ತು ಜೊತೆಯಲ್ಲಿ ಸೆರೆಯಲ್ಲಿದ್ದವರ ಪ್ರಮಾಣಪತ್ರವನ್ನು ಒಪ್ಪುವ ದಾರಿ ಮಾಡಿದರು. ಇಂಥವರಿಂದ ಕ್ರಿಮಿನಲ್ ಮೊಕದ್ದಮೆಯಲ್ಲಿ ಕೇಳುವಷ್ಟು ಕಟ್ಟುನಿಟ್ಟಿನ ಪುರಾವೆ ಕೇಳಬಾರದೆಂದು 2001ರಲ್ಲಿ ಗುರ್ದಿಯಾಲ್ ಸಿಂಗ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿತು. 1942ರಲ್ಲಿ ಜೈಲಿಗೆ ಹೋದವರಿಗೆ ಸಂದ ಆ ನಂಬಿಕೆ 1971ರಲ್ಲಿ ಯುದ್ಧಕ್ಕೆ ಹೋದವರಿಗೆ ಯಾಕೆ ಸಲ್ಲಬಾರದು? ಜೊತೆಗಿದ್ದ ಇಬ್ಬರು ಹವಾಲ್ದಾರರು ಇನ್ನೂ ಬದುಕಿರುವಾಗಲೇ ಅವರ ಹೇಳಿಕೆ ಬರೆದುಕೊಂಡರೆ ಏನು ಕಳೆದುಹೋಗುತ್ತದೆ?

2024ರ ಡಿಸೆಂಬರ್ 24ರಂದು ಪೂಂಛ್‌ನಲ್ಲಿ ಸೇನಾ ವಾಹನ ಕಂದಕಕ್ಕೆ ಉರುಳಿ ಐವರು ಯೋಧರು ಅಂದೇ ತೀರಿಕೊಂಡರು. ಅವರಲ್ಲಿ ಮೂವರು ಕರ್ನಾಟಕದವರು, ಒಬ್ಬರು ನಮ್ಮ ಬೀಜಾಡಿಯವರು. ಅವರನ್ನು ಕಳಿಸಿಕೊಡಲು ಊರಿಗೆ ಊರೇ ಹೆದ್ದಾರಿಯಲ್ಲಿ ನಿಂತಿತು. ಆ ದುಃಖದಲ್ಲಿ ಸುಳ್ಳಿರಲಿಲ್ಲ, ಅದನ್ನು ನಾನು ಹಗುರ ಮಾಡುವುದಿಲ್ಲ. ನಾನು ಕೇಳುವುದು ಆಮೇಲಿನದ್ದನ್ನು. ಸತ್ತವರಿಗೆ ಹೂವು ಹಾಕಿದ ಕೈಗಳು ಬದುಕಿ ಬಂದವರ ಅರ್ಜಿ ಬರೆದುಕೊಡಲು ಯಾಕೆ ಮುಂದೆ ಬರುವುದಿಲ್ಲ? ಸ್ವಾತಂತ್ರ್ಯ ದಿನದಂದು ಶಾಲೆಯಲ್ಲಿ ಮಾಜಿ ಸೈನಿಕರಿಗೆ ಶಾಲು ಹೊದಿಸಿ ಹಣ್ಣಿನ ಬುಟ್ಟಿ ಕೊಡುತ್ತೇವೆ. ಯಾವ ಘಟಕ, ಯಾವ ಇಸವಿ, ಪದಕ ಬಂತೇ ಎಂದು ಅವರನ್ನು ವೇದಿಕೆಯ ಮೇಲಾಗಲಿ ಕೆಳಗಾಗಲಿ ಕೇಳುವುದಿಲ್ಲ. ಸನ್ಮಾನ ಪತ್ರ ಬರೆಯುವವರಿಗೂ ‘ದೇಶಸೇವೆ’ ಎಂಬ ಒಂದು ಪದ ಸಾಕು. ಸಂಘ ಸಂಸ್ಥೆಗಳೇ, ಪಂಚಾಯಿತಿ ಸದಸ್ಯರೇ, ಪತ್ರಿಕೆಗೆ ಫೋಟೋ ಕಳಿಸುವವರೇ, ಇದು ಗೌರವವಲ್ಲ. ಎದುರಿಗಿರುವ ಮನುಷ್ಯ ಯಾರೆಂದು ತಿಳಿದುಕೊಳ್ಳುವ ಶ್ರಮ ತಪ್ಪಿಸಿಕೊಳ್ಳುವ ಸುಲಭದ ಉಪಾಯ.

ಪಂಜಾಬಿನ ಸೈನಿಕರ ವಿಷಯದಲ್ಲಿ ಏನಾಯಿತೆಂದು ನೋಡಿ. ಮೊದಲ ಮಹಾಯುದ್ಧಕ್ಕೆ ಹೋದ ಸುಮಾರು 3,20,000 ಪಂಜಾಬಿಗಳ ವಿವರವಿದ್ದ ದಾಖಲೆ ಲಾಹೋರ್ ವಸ್ತುಸಂಗ್ರಹಾಲಯದ ನೆಲಮಾಳಿಗೆಯಲ್ಲಿ ಧೂಳು ತಿನ್ನುತ್ತಿತ್ತು. ಬ್ರಿಟನ್ನಿನಲ್ಲಿ ನೆಲೆಸಿದ ಪಂಜಾಬಿಗಳ ಪರಂಪರೆ ಸಂಘವೊಂದು ಗ್ರೀನಿಚ್ ವಿಶ್ವವಿದ್ಯಾಲಯದ ಜೊತೆ ಸೇರಿ ಅದನ್ನು ಡಿಜಿಟಲ್ ರೂಪಕ್ಕೆ ತಂದು 2021ರಲ್ಲಿ ಜನರ ಮುಂದಿಡಲು ಆರಂಭಿಸಿತು. ಊರಿನ ಹೆಸರು ಹಾಕಿದರೆ ಅಲ್ಲಿಂದ ಯಾರು ಹೋದರೆಂದು ತಿಳಿಯುತ್ತದೆ. ನೂರು ವರ್ಷ ಹಿಂದಿನವರಿಗಾಗಿ, ಗಡಿಯಾಚೆಯ ಕಟ್ಟಡದಿಂದ, ಕಡಲಾಚೆಯಲ್ಲಿ ಕುಳಿತವರು ಇಷ್ಟು ಮಾಡಿದರು. ನಮ್ಮ ಮೂರು ತಾಲೂಕುಗಳಲ್ಲಿ ಕಾಲೇಜುಗಳಿವೆ, ಇತಿಹಾಸ ವಿಭಾಗಗಳಿವೆ, ಎನ್‌ಸಿಸಿ ಇದೆ, ಪ್ರತಿ ಗ್ರಾಮ ಪಂಚಾಯಿತಿಗೆ ಗ್ರಂಥಾಲಯವಿದೆ, ಎಲ್ಲರ ಕಿಸೆಯಲ್ಲೂ ಕ್ಯಾಮೆರಾ ಇರುವ ಫೋನಿದೆ. 1971ರಲ್ಲಿ ಇಪ್ಪತ್ತರ ಹುಡುಗರಾಗಿದ್ದವರು ಈಗ ಎಪ್ಪತ್ತೈದರ ಆಸುಪಾಸಿನಲ್ಲಿದ್ದಾರೆ. ಇನ್ನು ಹತ್ತು ವರ್ಷ ಬಿಟ್ಟು ಕೇಳಲು ಹೋದರೆ ಉತ್ತರ ಹೇಳಲು ಹೆಚ್ಚು ಮಂದಿ ಇರುವುದಿಲ್ಲ.

ಮಾಡಬೇಕಾದದ್ದು ಕಷ್ಟದ್ದಲ್ಲ. ಡಿಸ್ಚಾರ್ಜ್ ಬುಕ್ ಇದ್ದರೆ ಇವತ್ತೇ ಪುಟಪುಟದ ಫೋಟೋ ತೆಗೆದು ಎರಡು ಕಡೆ ಇಡಿ. ಪತ್ರ, ಮನಿಆರ್ಡರ್ ರಶೀದಿ, ಘಟಕದ ಗುಂಪಿನ ಫೋಟೋ ಯಾವುದಿದ್ದರೂ ಎಸೆಯಬೇಡಿ. ಪುಸ್ತಕ ಇಲ್ಲದಿದ್ದರೂ ಸೇನಾ ಸಂಖ್ಯೆಯನ್ನು ಹಿರಿಯರು ನಿದ್ದೆಯಲ್ಲೂ ಹೇಳುತ್ತಾರೆ, ಬರೆದುಕೊಳ್ಳಿ. ಜೊತೆಯವರ ಹೆಸರು, ಊರು ಕೇಳಿ ಅವರ ಹೇಳಿಕೆಗೆ ನೋಟರಿ ಮಾಡಿಸಿ. ದಾಖಲೆ ಕಚೇರಿಗೆ ಅರ್ಜಿ ಹಾಕುವಾಗ ಲಾಂಗ್ ರೋಲ್‌ನಲ್ಲಿರುವ ನಮೂದಿನ ಪ್ರತಿ ಬೇಕೆಂದು ಸ್ಪಷ್ಟವಾಗಿ ಬರೆಯಿರಿ. ನಾಶವಾಗಿದೆ ಎಂಬ ಉತ್ತರ ಬಂದರೆ 2005ರ ಮಾಹಿತಿ ಹಕ್ಕು ಕಾಯ್ದೆಯಡಿ ಮತ್ತೆ ಕೇಳಿ: ಯಾವ ದಿನ ನಾಶಪಡಿಸಿದಿರಿ, ಯಾರ ಆದೇಶದ ಮೇಲೆ, ನಾಶಪಡಿಸಿದ ಕಡತಗಳ ಪಟ್ಟಿ ಎಲ್ಲಿದೆ, ಈ ಅರ್ಜಿಗಾಗಿ ಯಾವ ಯಾವ ಪುಸ್ತಕ ನೋಡಿದಿರಿ. ಅದಕ್ಕೂ ಜಗ್ಗದಿದ್ದರೆ ಬೆಂಗಳೂರಿನಲ್ಲಿ ಸಶಸ್ತ್ರ ಪಡೆಗಳ ನ್ಯಾಯಮಂಡಳಿಯ ಪೀಠವಿದೆ. ಮಾಹಿತಿ ಹಕ್ಕಿನ ಅರ್ಜಿಗೆ ಶುಲ್ಕ 10 ರೂಪಾಯಿ, ಉತ್ತರ ಕೊಡಲು ಅವರಿಗೆ 30 ದಿನ. ಮುಂದಿನ ಸನ್ಮಾನ ಸಮಾರಂಭಕ್ಕೆ ಶಾಲು ತರುವ ಸಂಘದವರು ಈ ಅರ್ಜಿಯ ನಮೂನೆಯನ್ನೂ ಹಿಡಿದುಕೊಂಡು ಬರಲಿ, ಅಲ್ಲೇ ಕುಳಿತು ತುಂಬಿಸಲಿ.